ವಿಭೂತಿಯಲ್ಲದ ಬಿಳುಪು

ಕಪಿಲೆಯ ದಡದಲ್ಲಿ ಒಂದು ಸಣ್ಣ ಬೆಟ್ಟ. ಬೆಟ್ಟದ ಮೇಲೆ ಒಂದು ಆಶ್ರಮ. ಆಶ್ರಮದಲ್ಲಿ ಒಬ್ಬರು ಗುರುಗಳು, ಕೆಲವರು ಶಿಷ್ಯರು, ಮತ್ತೆ ಒಂದು ಬ್ಯಾಟರಿ ಗಾಡಿ.

ಆಶ್ರಮಕ್ಕೆ ಗಾಡಿ ಯಾಕೆ ಬಂತು ಅನ್ನಬೇಡಿ, ಹೇಳಿಬಿಡುತ್ತೇನೆ. ಅದು ದೊಡ್ಡವರು ಗಾಲ್ಫ್ ಆಡುವ ಮೈದಾನದಲ್ಲಿ ಓಡಾಡಿಕೊಂಡಿದ್ದ ಗಾಡಿ. ಅಲ್ಲಿಗೆ ಹೊಸದು ಬಂದಾಗ ಭಕ್ತರೊಬ್ಬರು ಹಳೆಯದನ್ನು ತಂದು ಗುರುಗಳ ಮುಂದೆ ನಿಲ್ಲಿಸಿದರು. ಅಷ್ಟು ಕಾಲ ಚೆಂಡಿನ ಹಿಂದೆ ಅಲೆದ ಗಾಡಿ ಈಗ ಮಂಡಿನೋವಿನ ಅಜ್ಜಿಯರನ್ನು ಬೆಟ್ಟದ ಬಾಗಿಲಿನಿಂದ ಮೇಲೆ ಹಿಂದಿನ ಗುರುಗಳ ಸಮಾಧಿಯಿದ್ದ ಗದ್ದುಗೆಗೆ ಕರೆತರುತ್ತಿತ್ತು. ಗಾಡಿಗೂ ಒಂದಿಷ್ಟು ಪುಣ್ಯ ಬೇಕಲ್ಲ.

ಗಾಡಿಗೆ ಮುಂದೊಂದು ಸೀಟು, ಹಿಂದೊಂದು ಸೀಟು. ಹಿಂದಿನದು ಹಿಮ್ಮುಖ. ಅಲ್ಲಿ ಕೂತವರಿಗೆ ಕಾಣುವುದು ಬಿಟ್ಟು ಬಂದ ದಾರಿ ಮಾತ್ರ.

ಗಾಡಿ ಓಡಿಸುವವನು ಪರ್ವತಪ್ಪ. ನಡುವಯಸ್ಸು ದಾಟಿ ಕಿವಿಯ ಹತ್ತಿರ ಕೂದಲು ಬೆಳ್ಳಗಾಗುತ್ತಿತ್ತು.

ಅವನ ಬಾಯಲ್ಲಿ ಬರುತ್ತಿದ್ದದ್ದು ಎರಡೇ ಮಾತು. "ಹತ್ತಿ." "ಇಳೀರಿ."

"ಎಂಥಾ ವೈರಾಗ್ಯ ನೋಡಿ" ಎಂದು ಬಂದವರು ಮಾತಾಡಿಕೊಳ್ಳುತ್ತಿದ್ದರು. ಕೇಳಿ ಕೇಳಿ ಪರ್ವತಪ್ಪನೂ ಅದನ್ನು ನಂಬಿದ್ದ.

ಊಟದ ಹೊತ್ತಿಗೆ ಉಳಿದ ಶಿಷ್ಯರು ಸಾಲಾಗಿ ಕೂರುತ್ತಿದ್ದರು. ಅವನು ತಟ್ಟೆ ಹಿಡಿದು ಗಾಡಿಯ ಕೊಟ್ಟಿಗೆಗೆ ಹೋಗುತ್ತಿದ್ದ. ಚಾರ್ಜರು ಚುಚ್ಚಿ, ಗಾಡಿಯ ಮುಂದೆ ಒಂದು ಊದುಬತ್ತಿ ಹಚ್ಚಿ, ಪಕ್ಕದಲ್ಲಿ ಕೂತು ಉಣ್ಣುತ್ತಿದ್ದ. ಚಾರ್ಜರು ಗುಂಯ್ ಎನ್ನುತ್ತಿತ್ತು. ಆ ಸದ್ದು ನಿಂತುಹೋದರೆ ಅವನಿಗೆ ಒಂದು ಥರ ಭಯವಾಗುತ್ತಿತ್ತು. ಯಾಕೆ ಎಂದು ಅವನು ತನ್ನನ್ನು ಕೇಳಿಕೊಂಡಿರಲಿಲ್ಲ.

ಪ್ರತಿ ಹುಣ್ಣಿಮೆಗೆ ಅವನ ಅಕ್ಕ ದೇವೀರಮ್ಮ ಬೆಟ್ಟಕ್ಕೆ ಬರುತ್ತಿದ್ದಳು. ತಾಯಿಯಿಲ್ಲದ ತಮ್ಮನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದ ಅಕ್ಕ ಅವಳು. ಬಸ್ಸಿಳಿದು ಬಾಗಿಲ ಪಕ್ಕದ ಕಲ್ಲಿನ ಮೇಲೆ ಕಾಯುತ್ತಿದ್ದಳು. ಗಾಡಿ ಬಂದರೆ ಸುಮ್ಮನೆ ಹೋಗಿ ಹಿಂದಿನ ಸೀಟಿಗೆ ಹತ್ತುತ್ತಿದ್ದಳು. ಅವಳ ಬೆನ್ನು ಇವನ ಬೆನ್ನಿನ ಕಡೆಗೆ, ಮುಖ ಕಪಿಲೆಯ ಕಡೆಗೆ.

ಹಾಗೇ ಬೆಟ್ಟ ಹತ್ತುತ್ತಿದ್ದರು. ಮಾತಿಲ್ಲ, ಕತೆಯಿಲ್ಲ.

ಇದಕ್ಕೆಲ್ಲ ಕಾರಣ ಒಂದು ಸಣ್ಣ ಮಾತು. ಪರ್ವತಪ್ಪನ ಹೆಂಡತಿ ನಾಗಮಣಿ ಜ್ವರ ಬಂದು ಆಸ್ಪತ್ರೆಯಲ್ಲಿ ಮಲಗಿದ್ದಾಗ ಜೊತೆಗಿದ್ದವಳು ಅಕ್ಕ. ಬೇಗ ಬಾ ಎಂದು ಹೇಳಿ ಕಳಿಸಿದಳು. ಜ್ವರ ತಾನೇ, ಇಳಿಯುತ್ತೆ ಬಿಡು ಎಂದು ಇವನು ಕೈಯಲ್ಲಿದ್ದ ಕೆಲಸ ಮುಗಿಸಿ ನಿಧಾನಕ್ಕೆ ಹೋದ. ಅಷ್ಟರಲ್ಲಿ ನಾಗಮಣಿ ಹೋಗಿಬಿಟ್ಟಿದ್ದಳು. ನೆಂಟರೆಲ್ಲ ಬಾಗಿಲಲ್ಲಿ ನಿಂತಿದ್ದರು. ಅಕ್ಕ ಅವರೆಲ್ಲರ ಎದುರಿಗೆ ಕೇಳಿದಳು.

"ಈಗ ಬಂದ್ಯಾ?"

ಅಷ್ಟೇ. ಅವನು ಉತ್ತರ ಕೊಡಲಿಲ್ಲ. ಮಣ್ಣು ಮುಗಿಸಿ ಮನೆ ಬಿಟ್ಟವನು ಈ ಬೆಟ್ಟ ಸೇರಿದ.

ಒಂದು ಹುಣ್ಣಿಮೆಯ ದಿನ ಗಾಡಿ ಹತ್ತುತ್ತಿರುವಾಗ, ಹಿಂದಿನ ಸೀಟಿನಲ್ಲಿ ಅಕ್ಕ ಪಕ್ಕದ ಹೆಂಗಸಿಗೆ ಹೇಳುತ್ತಿದ್ದದ್ದು ಅವನ ಕಿವಿಗೆ ಬಿತ್ತು.

"ಬರೋ ಹುಣ್ಣಿಮೆಗೆ ಕಡೆ ಕನವ್ವ. ಮಗಳು ಬಳ್ಳಾರಿಗೆ ಕರ್ಕೊಂಡೋಯ್ತಾಳೆ. ಈ ಮಂಡಿ ಇಟ್ಕೊಂಡು ಅಷ್ಟು ದೂರದಿಂದ ಎಲ್ಲಿ ಬರಾಕಾಯ್ತದೆ?"

ಪರ್ವತಪ್ಪ ತಿರುಗಿ ನೋಡಲಿಲ್ಲ. ಸ್ಟೀರಿಂಗನ್ನು ಮಾತ್ರ ಗಟ್ಟಿಯಾಗಿ ಹಿಡಿದುಕೊಂಡ.

ಅವತ್ತು ಸಂಜೆಯೇ ಗುರುಗಳ ಹತ್ತಿರ ಹೋದ. ಅವರು ಜಗಲಿಯ ಮೇಲೆ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು.

"ಬುದ್ಧಿ, ನನಗೆ ಕಾವಿ ಕೊಡಿ."

"ಯಾವಾಗ?"

"ಬರೋ ಹುಣ್ಣಿಮೆಗೆ."

"ಅದ್ಯಾಕೆ ಆ ಹುಣ್ಣಿಮೆಗೇ?"

"ಒಳ್ಳೆ ದಿನ ಬುದ್ಧಿ."

ಗುರುಗಳು ಒಂದು ಬೀಜ ಬಿಡಿಸಿ ಮೊರಕ್ಕೆ ಹಾಕಿದರು.

"ಕಾವಿ ಉಟ್ಟ ಮೇಲೆ ನಿನ್ನವರು ಅಂತ ಯಾರೂ ಇರೋದಿಲ್ಲ. ಎತ್ತಿ ಆಡಿಸಿದವರೂ ಕಾಲಿಗೆ ಬಿದ್ದು ಬುದ್ಧಿ ಅನ್ನಬೇಕು. ಗೊತ್ತಲ್ಲ?"

"ಗೊತ್ತು."

"ಬಿಡೋದಕ್ಕೆ ನಿನಗೆ ಯಾರಿದ್ದಾರೆ?"

"ಯಾರೂ ಇಲ್ಲ ಬುದ್ಧಿ."

ಶುದ್ಧ ಸುಳ್ಳು. ಅವನಿಗೆ ಬೇಕಾಗಿದ್ದದ್ದು ಬೇರೆ. ಕಡೆಯ ಸಲ ಬಂದಾಗ ಅಕ್ಕ ಅವನನ್ನು ಕಾವಿಯಲ್ಲಿ ನೋಡಬೇಕು. ನೆಂಟರ ಎದುರಿಗೆ ಕೇಳಿದವಳು ಭಕ್ತರ ಎದುರಿಗೆ ಅವನ ಕಾಲಿಗೆ ಬೀಳಬೇಕು. ಆಮೇಲೆ ಬಳ್ಳಾರಿಗೆ ಹೋಗುತ್ತಾಳೋ, ಇನ್ನೆಲ್ಲಿಗೆ ಹೋಗುತ್ತಾಳೋ, ಹೋಗಲಿ.

"ಆಗಲಿ" ಅಂದರು ಗುರುಗಳು. "ಬಟ್ಟೆ ತರಿಸ್ತೀನಿ."

ಬಟ್ಟೆ ಬಂತು. ಗುರುಗಳ ಕೋಣೆಯ ಗೂಡಿನಲ್ಲಿ ಮಡಿಕೆ ಮುರಿಯದ ಹೊಸ ಕಾವಿ. ಪರ್ವತಪ್ಪ ದಿನಾ ಏನಾದರೊಂದು ನೆಪ ಮಾಡಿಕೊಂಡು ಹೋಗಿ ಅದನ್ನು ನೋಡಿ ಬರುತ್ತಿದ್ದ.

ಅದೇ ಹೊತ್ತಿಗೆ ಗಾಡಿ ಸೋಲತೊಡಗಿತು.

ಸಪಾಟು ಜಾಗದಲ್ಲಿ ಓಡುತ್ತಿತ್ತು. ಏರು ಬಂದರೆ ಮುಕ್ಕರಿಯುತ್ತಿತ್ತು. ಪರ್ವತಪ್ಪ ಸೀಟು ಎತ್ತಿ ನೋಡುತ್ತಿದ್ದ. ಕೆಳಗೆ ಆರು ಬ್ಯಾಟರಿ ಸಾಲಾಗಿ ಕೂತಿದ್ದವು. ಒಂದರಿಂದ ಇನ್ನೊಂದಕ್ಕೆ ದಪ್ಪ ತಂತಿ. ತಂತಿ ಕಚ್ಚಿಕೊಳ್ಳುವ ಸೀಸದ ಮೊಳಕೆಯ ಮೇಲೆ ಬೆಳ್ಳಗೆ ಪುಡಿ.

ಅದನ್ನು ನೋಡಿದಾಗಲೆಲ್ಲ ಅವನು ಕೈ ಮುಗಿಯುತ್ತಿದ್ದ. ಆಯುಧಪೂಜೆಯ ದಿನ ಆರೂ ಬ್ಯಾಟರಿಗೆ ಮೂರು ಬೆರಳಲ್ಲಿ ವಿಭೂತಿ ಎಳೆದು, ಕುಂಕುಮವಿಟ್ಟು, ಸೇವಂತಿಗೆ ಮುಡಿಸಿದ್ದವನು ಅವನೇ. ಹಚ್ಚಿದ ವಿಭೂತಿಯನ್ನು ಯಾರಾದರೂ ಒರೆಸುತ್ತಾರೆಯೇ? ಪುಡಿಯನ್ನು ಹಾಗೇ ಬಿಟ್ಟು, ಸ್ಪ್ಯಾನರು ಹಾಕಿ ನೆಟ್ಟು ಬಿಗಿ ಮಾಡುತ್ತಿದ್ದ. ಮರುದಿನ ಇನ್ನೊಂದು ಸುತ್ತು. ಅದರ ಮರುದಿನ ಮತ್ತೊಂದು ಸುತ್ತು.

ಹುಣ್ಣಿಮೆ ಹತ್ತಿರ ಬಂತು.

ಒಂದು ಮಧ್ಯಾಹ್ನ ಇಬ್ಬರು ಅಜ್ಜಿಯರನ್ನು ಕೂರಿಸಿಕೊಂಡು ಏರುತ್ತಿದ್ದ. ಬಿಲ್ವದ ಮರದ ತಿರುವಿನಲ್ಲಿ ರಬ್ಬರು ಸುಟ್ಟ ವಾಸನೆ ಬಂತು. ಗಾಡಿ ನಿಂತಿತು. ಸೀಟಿನ ಕೆಳಗಿನಿಂದ ತೆಳ್ಳಗೆ ಹೊಗೆ ಎದ್ದಿತು.

ಪರ್ವತಪ್ಪ ಬ್ರೇಕು ಹಾಕಿದ. ಕೆಳಗೆ ಹಾರಿ ಸೀಟಿಗೆ ಕೈ ಹಾಕಿದ.

"ಮುಟ್ಟಬೇಡ."

ಗುರುಗಳು. ಬಿಲ್ವಪತ್ರೆ ಕೀಳಲು ಬಂದವರು ಮರದ ಕೆಳಗೆ ನಿಂತಿದ್ದರು.

"ಮೊದಲು ಅವ್ವಂದಿರನ್ನ ಇಳಿಸು."

ಇಳಿಸಿ ದೂರದ ನೆರಳಲ್ಲಿ ಕೂರಿಸಿದ.

"ಕೀಲಿ ತೆಗಿ. ಚಕ್ರಕ್ಕೆ ಕಲ್ಲು ಕೊಡು."

ಕೊಟ್ಟ.

"ಈಗ ಸೀಟು ಎತ್ತಲಾ ಬುದ್ಧಿ?"

"ಈಗ ದೂರ ಬಾ."

ಇಬ್ಬರೂ ಬಿಲ್ವದ ಬುಡದಲ್ಲಿ ಕೂತರು. ಪರ್ವತಪ್ಪನಿಗೆ ಕೂರಲಾಗುತ್ತಿರಲಿಲ್ಲ.

"ಒಳಗೆ ಏನಾಗಿದೆಯೋ ಏನೋ ಬುದ್ಧಿ. ನೋಡಬೇಡವಾ?"

"ಆರಲಿ."

"ಅಷ್ಟರಲ್ಲಿ ಇನ್ನೂ ಕೆಟ್ಟರೆ?"

"ಕೆಟ್ಟರೆ ಗಾಡಿ ಕೆಡುತ್ತೆ. ಈಗ ಕೈ ಹಾಕಿದರೆ ನೀನು."

ಹೊಗೆ ತೆಳುವಾಯಿತು. ನಿಂತಿತು. ಅದಾದ ಮೇಲೂ ಗುರುಗಳು ಬಹಳ ಹೊತ್ತು ಕೂತೇ ಇದ್ದರು. ಆಮೇಲೆ ಎದ್ದು, ಮುಖ ಒಂದು ಪಕ್ಕಕ್ಕೆ ಮಾಡಿಕೊಂಡು ತಾವೇ ಸೀಟು ಎತ್ತಿದರು.

ಆರರಲ್ಲಿ ಒಂದು ಬ್ಯಾಟರಿಯ ಮೊಳಕೆ ಉರಿದ ಮೇಣದಬತ್ತಿಯ ಹಾಗೆ ಕರಗಿ ಓರೆಯಾಗಿತ್ತು. ತಂತಿಯ ರಬ್ಬರು ಸುರುಟಿತ್ತು. ಸುತ್ತ ಆ ಬಿಳಿ ಪುಡಿ, ಅಲ್ಲಲ್ಲಿ ಹಸಿರು ತಿರುಗಿದ್ದು.

"ಇದೇನು ಬೆಳ್ಳಗೆ?"

"ವಿಭೂತಿ ಬುದ್ಧಿ. ಆಯುಧಪೂಜೆಯದು."

ಹೇಳುತ್ತಾ ಹೇಳುತ್ತಾ ಪರ್ವತಪ್ಪ ಒಂದು ಚಿಟಿಕೆ ಹಣೆಗಿಡಲು ಕೈ ಚಾಚಿದ. ಗುರುಗಳು ಅವನ ಮುಂಗೈ ಹಿಡಿದುಕೊಂಡರು.

"ವಿಭೂತಿ ಎಲ್ಲಿ ಹಚ್ಚಿದ್ದೆ?"

"ಎಲ್ಲಾ ಬ್ಯಾಟರಿಗೂ ಬುದ್ಧಿ. ಮುಂಭಾಗಕ್ಕೆ, ಅಡ್ಡಡ್ಡಲಾಗಿ."

"ಎಲ್ಲಿದೆ, ತೋರಿಸು."

ಪರ್ವತಪ್ಪ ಬಗ್ಗಿ ನೋಡಿದ. ಬ್ಯಾಟರಿಗಳ ಮುಂಭಾಗದಲ್ಲಿ ಒಂದು ಗೆರೆಯೂ ಉಳಿದಿರಲಿಲ್ಲ. ಎಲ್ಲ ಯಾವತ್ತೋ ಅಳಿಸಿಹೋಗಿತ್ತು. ಬಿಳುಪು ಇದ್ದದ್ದು ಮೊಳಕೆಗಳ ಮೇಲೆ ಮಾತ್ರ.

"ಹಚ್ಚಿದ ವಿಭೂತಿ ದಿನಾ ಒಂದಿಷ್ಟು ಕಡಿಮೆ ಆಗುತ್ತೆ" ಅಂದರು ಗುರುಗಳು. "ಇದು ದಿನಾ ಒಂದಿಷ್ಟು ಬೆಳೆದಿದೆ."

"ಹಾಗಾದರೆ ಇದೇನು?"

"ಒಳಗಿನ ಆಸಿಡ್ಡು ಸಂದಿಯಲ್ಲಿ ಜಿನುಗಿ ಕಟ್ಟಿದ ಉಪ್ಪು. ಹಣೆಗಿಟ್ಟುಕೊಂಡರೆ ಚರ್ಮ ಸುಡುತ್ತೆ."

ಪರ್ವತಪ್ಪನ ಕೈ ತಾನಾಗಿ ಹಿಂದೆ ಬಂತು.

"ನಾನು ಇದಕ್ಕೆ ದಿನಾ ಕೈ ಮುಗೀತಿದ್ದೆ ಬುದ್ಧಿ."

"ಗೊತ್ತು. ನಾನೂ ದೂರದಿಂದ ನೋಡಿ ವಿಭೂತಿ ಅಂದ್ಕೊಂಡಿದ್ದೆ. ಹತ್ತಿರ ಬರಬೇಕಿತ್ತು, ಬರಲಿಲ್ಲ."

ಪರ್ವತಪ್ಪ ತಲೆ ತಗ್ಗಿಸಿದ.

"ದಿನಾ ನೆಟ್ಟು ಬಿಗಿ ಮಾಡ್ತಿದ್ದೆನಲ್ಲ ಬುದ್ಧಿ. ಆದರೂ ಯಾಕೆ ಸುಟ್ಟಿತು?"

"ಹೊರಗೆ ಬಿಗಿ ಮಾಡಿದೆ. ಒಳಗೆ ಒಂದಕ್ಕೊಂದು ತಾಗಿರಲಿಲ್ಲ."

ಶಿಷ್ಯರೆಲ್ಲ ಸೇರಿ ಗಾಡಿಯನ್ನು ಕೊಟ್ಟಿಗೆಗೆ ತಳ್ಳಿದರು. ಪರ್ವತಪ್ಪನೂ ಅವರ ಭುಜಕ್ಕೆ ಭುಜ ಕೊಟ್ಟು ತಳ್ಳಿದ. ಬೇರೆಯವರ ಬೆವರಿನ ವಾಸನೆ ಅಷ್ಟು ಹತ್ತಿರದಿಂದ ಬಂದು ಎಷ್ಟೋ ಕಾಲವಾಗಿತ್ತು.

ಮರುದಿನ ಬೆಳಿಗ್ಗೆ ಗುರುಗಳು ಕೊಟ್ಟಿಗೆಗೆ ಬಂದರು. ಬಾಗಿಲು ಕಿಟಕಿ ಎಲ್ಲ ತೆರೆಸಿದರು. ಅವರ ಕಣ್ಣು ಮೂಲೆಯಲ್ಲಿದ್ದ ಊದುಬತ್ತಿ ಸ್ಟ್ಯಾಂಡಿನ ಮೇಲೆ ಬಿತ್ತು.

"ಇದು ಯಾರದು?"

"ನನ್ನದು ಬುದ್ಧಿ. ಊಟದ ಹೊತ್ತಿಗೆ ಚಾರ್ಜಿಗೆ ಹಾಕಿ ಹಚ್ತೀನಿ."

"ಚಾರ್ಜ್ ಆಗುವಾಗ ಬ್ಯಾಟರಿ ಗಾಳಿ ಬಿಡುತ್ತೆ. ಆ ಗಾಳಿಗೆ ಒಂದು ಕಿಡಿ ಸಾಕು, ಸಿಡಿಯುತ್ತೆ."

ಪರ್ವತಪ್ಪ ಸ್ಟ್ಯಾಂಡನ್ನು ಎತ್ತಿ ಹೊರಗಿಟ್ಟ. ದಿನಾ ಅದರ ಪಕ್ಕದಲ್ಲೇ ಕೂತು ಅನ್ನ ಉಂಡಿದ್ದ.

"ಪೂಜೆ ಆಚೆ ಮಾಡು" ಅಂದರು ಗುರುಗಳು. "ಊಟವನ್ನೂ."

ಅವರು ಒಂದು ಬಕೆಟ್ ನೀರು ತರಿಸಿ ಹತ್ತಿರ ಇಡಿಸಿದರು. ರಬ್ಬರಿನ ಕೈಗವುಸು, ಕಣ್ಣಿಗೆ ದೊಡ್ಡ ಕನ್ನಡಕ ಕೊಟ್ಟರು.

"ಬಕೆಟ್ ನೀರು ಯಾಕೆ ಬುದ್ಧಿ?"

"ಮೈಗೋ ಕಣ್ಣಿಗೋ ಹಾರಿದರೆ ನೀರು ಹುಡುಕಿಕೊಂಡು ಓಡೋದಕ್ಕೆ ಹೊತ್ತಿರೋದಿಲ್ಲ. ಕಣ್ಣಿಗೆ ಬಿದ್ದರೆ ಸುರೀತಾನೇ ಇರಬೇಕು, ಆಮೇಲೆ ಡಾಕ್ಟರ ಹತ್ತಿರ."

ಆಮೇಲೆ ಅವನ ಕೈ ನೋಡಿದರು. ಎಡಗೈಯಲ್ಲಿ ಒಂದು ಬೆಳ್ಳಿಯ ಕಡಗ ಇತ್ತು.

"ಅದನ್ನ ತೆಗಿ."

"ಇರಲಿ ಬಿಡಿ ಬುದ್ಧಿ. ಗವುಸಿನ ಒಳಗೆ ಇರುತ್ತೆ."

"ಕಡಗ ಜಾರಿ ಎರಡು ಮೊಳಕೆಗೆ ಒಟ್ಟಿಗೆ ತಾಗಿದರೆ ಬೆಳ್ಳಿ ಕಾದು ಕೈಗೆ ಕಚ್ಚಿಕೊಳ್ಳುತ್ತೆ. ತೆಗಿ."

ಪರ್ವತಪ್ಪ ಎಳೆದ. ಬರಲಿಲ್ಲ. ಎರಡು ತುದಿಯನ್ನೂ ಒತ್ತಿ ಕೂಡಿಸಿದ ಕಡಗ ಕೈ ದಪ್ಪಗಾದ ಮೇಲೆ ಬಿಗಿದುಕೊಂಡಿತ್ತು. ಸೋಪು ಹಚ್ಚಿದ. ಗುರುಗಳು ತುದಿಗಳನ್ನು ಬೆರಳಲ್ಲಿ ಹಿಡಿದು ಸ್ವಲ್ಪ ಅಗಲಿಸಿದರು.

"ಯಾವತ್ತೂ ತೆಗೆದೇ ಇಲ್ಲವಾ?"

"ಇಲ್ಲ."

"ಯಾರು ಹಾಕಿದ್ದು?"

ಪರ್ವತಪ್ಪ ಮೂಲೆಯ ಕಡೆ ನೋಡಿದ.

"ಅಕ್ಕ."

ಕಡಗ ಕೈ ಬಿಟ್ಟು ಬಂತು. ಅದು ಇದ್ದ ಕಡೆ ಚರ್ಮ ಬಿಳಚಿಕೊಂಡಿತ್ತು. ಗುರುಗಳು ಕಡಗವನ್ನು ತಮ್ಮ ಸೊಂಟಕ್ಕೆ ಸಿಕ್ಕಿಸಿಕೊಂಡರು. ಯಾರೂ ಇಲ್ಲ ಅಂದೆಯಲ್ಲ ಎಂದು ಕೇಳಿದ್ದರೆ ಪರ್ವತಪ್ಪನಿಗೆ ಹಗುರವಾಗುತ್ತಿತ್ತು. ಅವರು ಕೇಳಲಿಲ್ಲ.

"ಮೊದಲು ಕಪ್ಪು ತಂತಿ ಬಿಚ್ಚು. ಕಟ್ಟುವಾಗ ಅದನ್ನ ಕೊನೆಗೆ ಕಟ್ಟು. ಕಿಡಿ ಹಾರೋ ದಾರಿ ಮೊದಲು ಮುಚ್ಚಬೇಕು, ಕೊನೆಗೆ ತೆರೀಬೇಕು."

ಸ್ಪ್ಯಾನರಿನ ಹಿಡಿಗೆ ಸೈಕಲ್ ಟ್ಯೂಬು ಸುತ್ತಿದ್ದರು. ಪರ್ವತಪ್ಪ ಒಂದೊಂದೇ ತಂತಿ ಬಿಚ್ಚಿದ. ಎಲ್ಲ ಮುಚ್ಚಳವೂ ಭದ್ರವಾಗಿದೆಯೇ ಎಂದು ಗುರುಗಳು ಕೈಯಾಡಿಸಿ ನೋಡಿದರು. ಅಡುಗೆಮನೆಯಿಂದ ತಂದ ಸೋಡಾಪುಡಿಯನ್ನು ನೀರಿಗೆ ಹಾಕಿ ಕದಡಿದರು.

"ಒರೆಸೋದಕ್ಕೆ ಬಟ್ಟೆ?"

ಪರ್ವತಪ್ಪ ಸುತ್ತಮುತ್ತ ನೋಡಿದ. ಸಿಗಲಿಲ್ಲ. ಗುರುಗಳು ತಮ್ಮ ಕೋಣೆಗೆ ಹೋಗಿ ಬಂದರು. ಅವರ ಕೈಯಲ್ಲಿ ಆ ಹೊಸ ಕಾವಿ ಇತ್ತು.

ಮಡಿಕೆ ಬಿಚ್ಚಿದರು. ಅಂಚು ಹಲ್ಲಿಗೆ ಕೊಟ್ಟು ಕಚ್ಚಿದರು. ಪರ್ರ್ ಎಂದು ಹರಿದರು.

ಪರ್ವತಪ್ಪ ಎರಡು ಹೆಜ್ಜೆ ಮುಂದೆ ಬಂದ.

"ಬುದ್ಧಿ, ಅದು ನನ್ನದು!"

"ನಿನ್ನದೇ. ತಗೋ, ಒರೆಸು."

ಅವನು ಒರೆಸಿದ. ಸೋಡಾ ನೀರು ಬಿದ್ದ ಕಡೆಯೆಲ್ಲ ಬಿಳಿ ಪುಡಿ ಬುರುಬುರು ನೊರೆ ಎದ್ದಿತು. ನೊರೆ ನಿಂತ ಮೇಲೆ ಬ್ರಷ್ಷಿನಲ್ಲಿ ಉಜ್ಜಿದ. ತಂತಿಯ ಬಾಯಿಯನ್ನೂ ಉಜ್ಜಿದ. ಒಳ್ಳೆ ನೀರಲ್ಲಿ ತೊಳೆದ. ಕಾವಿಯ ಚೂರು ಕೈಯಲ್ಲೇ ತೂತು ಬೀಳುತ್ತಾ ಬಂತು.

ಐದು ಬ್ಯಾಟರಿಯ ಮೊಳಕೆಗಳು ಸೀಸದ ಬಣ್ಣಕ್ಕೆ ತಿರುಗಿ ಹೊಳೆದವು. ಆರನೆಯದರದ್ದು ಕರಗಿ ಓರೆಯಾಗಿದ್ದದ್ದು ಹಾಗೇ ಇತ್ತು.

"ಇದನ್ನ ತಟ್ಟಿ ನೆಟ್ಟಗೆ ಮಾಡಲಾ ಬುದ್ಧಿ?"

"ಬೇಡ."

"ಕಾಯಿಸಿ ಸೀಸ ಹೊಯ್ದು ಕೂಡಿಸಿದರೆ?"

"ಇದರ ಹತ್ತಿರ ಬೆಂಕಿ ತರಬೇಡ. ಇದು ಹೋಯಿತು. ಅಂಗಡಿಯವರಿಗೆ ವಾಪಸ್ಸು ಕೊಡೋಣ. ಹೊಳೆ ಕಡೆಗಂತೂ ಹೋಗಬಾರದು."

ಪರ್ವತಪ್ಪ ಆ ಬ್ಯಾಟರಿಯ ಮುಂದೆ ಕುಕ್ಕರಗಾಲಲ್ಲಿ ಕೂತ.

"ಬುದ್ಧಿ. ನಾನು ಮೊದಲೇ ಹತ್ತಿರ ಹೋಗಿ ಸರಿಯಾಗಿ ನೋಡಿದ್ದಿದ್ದರೆ ಉಳೀತಿತ್ತಾ?"

ತಾನು ಕೇಳುತ್ತಿರುವುದು ಬ್ಯಾಟರಿಯ ವಿಷಯವನ್ನೇ ಎಂದು ಅವನಿಗೇ ಖಾತ್ರಿಯಿರಲಿಲ್ಲ.

ಗುರುಗಳು ಸಮಾಧಾನಕ್ಕೆಂದು ಸುಳ್ಳು ಹೇಳುವವರಲ್ಲ.

"ಉಳೀಬಹುದಿತ್ತು."

ಪರ್ವತಪ್ಪ ಅತ್ತ. ಕನ್ನಡಕದೊಳಗೆ ನೀರು ತುಂಬಿ ಏನೂ ಕಾಣದಾಯಿತು. ನಾಗಮಣಿಯನ್ನು ಮಣ್ಣು ಮಾಡಿದ ದಿನ ಅಳದವನು, ಒಂದು ಕೆಟ್ಟ ಬ್ಯಾಟರಿಯ ಮುಂದೆ ಮಗುವಿನ ಹಾಗೆ ಬಿಕ್ಕಿದ. ಕೈಯಲ್ಲಿ ಆಸಿಡ್ಡಿನ ಗವುಸು, ಕಣ್ಣೊರೆಸಿಕೊಳ್ಳುವ ಹಾಗೂ ಇರಲಿಲ್ಲ.

ಗುರುಗಳು ಕಾದರು. ಅವನೇ ಸುಮ್ಮನಾದ ಮೇಲೆ ಹೇಳಿದರು.

"ಇನ್ನು ಐದಿದೆ. ಒಣ ಬಟ್ಟೆಯಲ್ಲಿ ಇನ್ನೊಂದು ಸಲ ಒರೆಸು."

ನಂಜನಗೂಡಿನ ಅಂಗಡಿಯಿಂದ ಬೇರೆ ಬ್ಯಾಟರಿ ಬಂತು. ಹೊಚ್ಚ ಹೊಸದಲ್ಲ. ಉಳಿದವುಗಳ ವಯಸ್ಸಿನದೇ ಬೇಕು ಎಂದು ಗುರುಗಳು ಹೇಳಿ ಕಳಿಸಿದ್ದರು. ಹಳಬರ ನಡುವೆ ಒಬ್ಬ ಹೊಸಬನನ್ನು ಕೂರಿಸಿದರೆ ಇಬ್ಬರಿಗೂ ಕಷ್ಟವಂತೆ.

ಅದು ಬರುವಷ್ಟರಲ್ಲಿ ಹುಣ್ಣಿಮೆಯ ಬೆಳಗಾಗಿತ್ತು.

ಪರ್ವತಪ್ಪ ಬ್ಯಾಟರಿ ಕೂರಿಸಿ, ಅಲುಗಾಡದ ಹಾಗೆ ಪಟ್ಟಿ ಬಿಗಿದ. ಸುಟ್ಟ ತಂತಿಯ ಜಾಗಕ್ಕೆ ಹೊಸ ತಂತಿ ಹಾಕಿದ. ನೆಟ್ಟು ತಿರುಗಿಸಿದ. ಅಭ್ಯಾಸ ಬಲದಿಂದ ಇನ್ನೊಂದು ಸುತ್ತಿಗೆ ಕೈ ಹೋಯಿತು.

"ಸಾಕು" ಅಂದರು ಗುರುಗಳು.

"ಸಡಿಲ ಆದರೆ?"

"ಸಡಿಲ ಆದರೆ ಕಾದು ಸುಡುತ್ತೆ. ಅತಿ ಬಿಗಿ ಆದರೆ ಮೊಳಕೆಯೇ ಕಿತ್ತು ಬರುತ್ತೆ. ಸೀಸ ಮೆತ್ತಗೆ."

ಮೊಳಕೆಗಳ ಮೇಲೆ ತೆಳ್ಳಗೆ ಗ್ರೀಸು ಸವರಿದ. ಎಲ್ಲ ಮುಗಿದ ಮೇಲೆ ಕಪ್ಪು ತಂತಿ ಕಟ್ಟಿದ. ಸೀಟು ಮುಚ್ಚಿ ಕೀಲಿ ತಿರುಗಿಸಿದ. ಗಾಡಿ ಸದ್ದಿಲ್ಲದೆ ಮುಂದಕ್ಕೆ ಸರಿಯಿತು.

ಅವನು ಮಾತ್ರ ಇಳಿದು ಬಂದು ಗುರುಗಳ ಮುಂದೆ ನಿಂತ.

"ಬುದ್ಧಿ, ಕೆಳಗೆ ಬೇರೆ ಯಾರನ್ನಾದರೂ ಕಳಿಸಿ."

"ಯಾಕೆ?"

"ಅಕ್ಕ ಬಂದಿರ್ತಾಳೆ. ಕಡೆ ಸಲ."

"ಮತ್ತೆ?"

"ಏನಂತ ಮಾತಾಡಲಿ?"

"ಗೊತ್ತಿಲ್ಲವಲ್ಲಪ್ಪ" ಅಂದರು ಗುರುಗಳು. "ನಾನು ಕಾವಿ ಉಟ್ಟ ದಿನ ನನ್ನ ತಂಗಿ ಬಂದಿದ್ದಳು. ಕಾಲಿಗೆ ಬಿದ್ದಳು. ನಾನು ಏನೂ ಮಾತಾಡಲಿಲ್ಲ. ಆಮೇಲೆ ಅವಳು ಬರಲೇ ಇಲ್ಲ."

ಇಷ್ಟು ಹೇಳಿ ಅವರು ಹುಣಸೆಹಣ್ಣಿನ ಮೊರ ಎಳೆದುಕೊಂಡರು. ಪರ್ವತಪ್ಪ ಇನ್ನೇನಾದರೂ ಹೇಳುತ್ತಾರೆಂದು ನಿಂತಿದ್ದ. ಅವರು ತಲೆ ಎತ್ತಲಿಲ್ಲ. ಬಿಡಿಸಿದ ಬೀಜವನ್ನು ಮತ್ತೆ ಹಣ್ಣಿನ ಗುಡ್ಡೆಗೇ ಹಾಕಿದರು.

ಅವನು ಗಾಡಿ ಹತ್ತಿದ.

ಅವನು ಹೋಗುವಷ್ಟರಲ್ಲಿ ಹೊತ್ತಾಗಿತ್ತು. ಬಂದ ಜನರೆಲ್ಲ ನಡೆದು ಹತ್ತಿಬಿಟ್ಟಿದ್ದರು. ಬಾಗಿಲ ಪಕ್ಕದ ಕಲ್ಲಿನ ಮೇಲೆ ದೇವೀರಮ್ಮ ಒಬ್ಬಳೇ ಕೂತಿದ್ದಳು. ತೊಡೆಯ ಮೇಲೆ ಒಂದು ಚೀಲ. ಎಷ್ಟು ಸಣ್ಣಗಾಗಿದ್ದಾಳೆ ಎಂದು ಪರ್ವತಪ್ಪನಿಗೆ ಅನ್ನಿಸಿತು. ಎಷ್ಟು ಹುಣ್ಣಿಮೆ ಅವಳನ್ನು ಹೊತ್ತು ತಂದಿದ್ದ! ಒಂದು ಸಲವೂ ನೋಡಿರಲಿಲ್ಲ.

ಅವಳು ಎದ್ದಳು. ಎಂದಿನ ಹಾಗೆ ಹಿಂದಿನ ಸೀಟಿನ ಕಡೆ ನಡೆದಳು.

"ಅಕ್ಕ."

ಅವಳು ನಿಂತಳು.

"ಮುಂದೆ ಕೂತ್ಕೊ."

ದೇವೀರಮ್ಮ ತಿರುಗಿ ಅವನ ಮುಖ ನೋಡಿದಳು. ಬೇರೆ ಮಾತು ಸಿಗಲಿಲ್ಲವೋ ಏನೋ.

"ಈಗ ಬಂದ್ಯಾ?"

ಪರ್ವತಪ್ಪ ಆ ಆಸ್ಪತ್ರೆಯ ಬಾಗಿಲಲ್ಲಿ ಕೊಡಬೇಕಾಗಿದ್ದ ಉತ್ತರವನ್ನು ಈಗ ಕೊಟ್ಟ.

"ಹ್ಞೂಂ ಅಕ್ಕ. ತಡ ಆಯ್ತು."

ಅವಳು ಮುಂದೆ ಬಂದು ಅವನ ಪಕ್ಕದಲ್ಲಿ ಕೂತಳು. ಗಾಡಿ ಏರತೊಡಗಿತು. ಬಿಲ್ವದ ಮರದ ತಿರುವಿನಲ್ಲೂ ಮುಕ್ಕರಿಯಲಿಲ್ಲ.

ಅರ್ಧ ಬೆಟ್ಟ ಹತ್ತಿದ ಮೇಲೆ ಅಕ್ಕ ಬಾಯಿ ಬಿಟ್ಟಳು.

"ಅವ್ಳು ಕಡೇಗಂಟ ಅದ್ನೇ ಕೇಳ್ತಿದ್ಲು ಕನೊ. 'ಬಂದ್ರಾ, ಬಂದ್ರಾ' ಅಂತ. ಅದೇ ನನ್ ಬಾಯಲ್ಲೂ ಬಂದ್ಬುಡ್ತು. ನಿನ್ನ ಬೈಬೇಕು ಅಂತಲ್ಲ."

ಪರ್ವತಪ್ಪ ಗಾಡಿ ನಿಲ್ಲಿಸಿದ. ಕೆಳಗೆ ಕಪಿಲೆ ಹರಿಯುತ್ತಿತ್ತು.

ಅವತ್ತು ಮಧ್ಯಾಹ್ನ ಅವನು ತಟ್ಟೆ ಹಿಡಿದು ಕೊಟ್ಟಿಗೆಗೆ ಹೋಗಲಿಲ್ಲ. ಅಕ್ಕನ ಪಕ್ಕ ಸಾಲಿನಲ್ಲಿ ಕೂತ. ಅವಳು ಚೀಲದಿಂದ ಕಜ್ಜಾಯ ತೆಗೆದು ಅವನ ಎಲೆಗೆ ಹಾಕಿದಳು. ಪ್ರತಿ ಹುಣ್ಣಿಮೆಗೂ ತರುತ್ತಿದ್ದಳಂತೆ. ಕೊಡಲಾಗದೆ ಬಸ್ಸಿನಲ್ಲಿ ಯಾರಿಗಾದರೂ ಹಂಚಿ ಹೋಗುತ್ತಿದ್ದಳಂತೆ.

ಸಂಜೆಯ ಬಸ್ಸಿಗೆ ಅವಳು ಹೊರಟಳು.

"ನಾನೂ ಬಾಗಿಲ ತನಕ ಬರ್ತೀನಿ" ಎಂದು ಗುರುಗಳು ಬಂದರು. ದೇವೀರಮ್ಮ ಮುಂದಿನ ಸೀಟು ಬಿಟ್ಟುಕೊಡಲು ಹೋದಳು. ಅವರು ಕೇಳದೆ ಹಿಂದಿನ ಸೀಟಿಗೆ ಹತ್ತಿದರು. ಅಕ್ಕನೂ ತಮ್ಮನೂ ಮುಂದೆ ನೋಡುತ್ತಾ ಬೆಟ್ಟ ಇಳಿದರು. ಗುರುಗಳು ಒಬ್ಬರೇ ಬೆಟ್ಟದ ಕಡೆ ಮುಖ ಮಾಡಿ ಕೂತಿದ್ದರು.

ಬಾಗಿಲಲ್ಲಿ ದೇವೀರಮ್ಮ ಅವರಿಗೆ ನಮಸ್ಕಾರ ಮಾಡಿದಳು.

"ಬುದ್ಧಿ, ಇವತ್ತು ನನ್ ತಮ್ಮಂಗೆ ಕಾವಿ ಕೊಡ್ತೀರಿ ಅಂತ ಮೇಲೆ ಯಾರೋ ಅಂದ್ರು. ನಾ ಅವ್ನ ಕಾಲಿಗೂ ಬೀಳಬೇಕಾ?"

"ಕಾವಿ ಒಗೆದು ಒಣಗಾಕಿದ್ದೀವಿ ತಾಯಿ. ತೂತು ಬಿದ್ದಿದೆ. ನೋಡೋಣ."

ಅವರು ಸೊಂಟದಿಂದ ಬೆಳ್ಳಿಯ ಕಡಗ ತೆಗೆದು ಅವಳ ಅಂಗೈಯಲ್ಲಿ ಇಟ್ಟರು.

ದೇವೀರಮ್ಮ ಕಡಗ ನೋಡಿದಳು. ತಮ್ಮನ ಖಾಲಿ ಕೈ ನೋಡಿದಳು. ಸೆರಗಿನಲ್ಲಿ ಅದನ್ನು ಒರೆಸಿದಳು. ಪರ್ವತಪ್ಪ ಚಿಕ್ಕಂದಿನ ಹಾಗೆ ಎಡಗೈ ಚಾಚಿದ. ಅವಳು ಕಡಗವನ್ನು ಬಿಳಚಿಕೊಂಡ ಗುರುತಿನ ಮೇಲೆ ಕೂರಿಸಿದಳು.

ದೂರದಲ್ಲಿ ಬಸ್ಸಿನ ಹಾರ್ನು ಕೇಳಿತು. ಅವಳಿಗೆ ಕೈ ಬಿಡಲು ಮನಸ್ಸಿರಲಿಲ್ಲ. ಎರಡು ತುದಿಯನ್ನೂ ಬೆರಳಲ್ಲಿ ಹಿಡಿದು ಗಟ್ಟಿಯಾಗಿ ಒತ್ತತೊಡಗಿದಳು.

"ತೀರಾ ಬಿಗಿ ಮಾಡಬೇಡಿ ತಾಯಿ" ಅಂದರು ಗುರುಗಳು. "ಆಗಾಗ ಬಿಚ್ಚಿ ಒರೆಸಬೇಕು."